ಹಿಮ ನಿಂತ ಮೇಲೆಯೇ ಎಚ್ಚರ ಬೇಕು

ಧಾರವಾಡ
ಜನವರಿ ಕೊನೆಯ ವಾರ

ಚಿರಂಜೀವಿ ಮೊಮ್ಮಗಳಿಗೆ ಅಜ್ಜನ ಆಶೀರ್ವಾದಗಳು.

ನೀನು ಶ್ರೀನಗರದ ಬ್ಯಾಂಕಿಗೆ ವರ್ಗವಾಗಿ ಹೋದಾಗಿನಿಂದ ನಿಮ್ಮಜ್ಜಿ ದಿನಾ ಟಿ.ವಿ.ಯಲ್ಲಿ ಮೊದಲು ನೋಡುವುದು ಕಾಶ್ಮೀರದ ಹವಾಮಾನವನ್ನೇ. ನಿನ್ನೆ ಫೋನಿನಲ್ಲಿ ನೀನು, "ಹಿಮ ನಿಂತಿತು ಅಜ್ಜಾ, ಚೊಲೋ ಬಿಸಿಲು ಬಿದ್ದದ, ಇನ್ನ ಚಿಂತಿ ಇಲ್ಲ" ಅಂದೆ. ನಾನು ಸೈನ್ಯದಲ್ಲಿದ್ದಾಗ ಆ ಕಣಿವೆಯ ಚಳಿಗಾಲ ಕಂಡವನು. ಅದಕ್ಕೇ ಈ ಪತ್ರ. ಅಲ್ಲಿ ಚಿಂತೆ ಮಾಡಬೇಕಾದ ದಿನಗಳು ಈಗ ಶುರುವಾಗುತ್ತವೆ, ತಂಗೀ.

ಕಾಶ್ಮೀರಕ್ಕೆ ಹಿಮ ತರುವ ಮಾರುತಗಳು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು, ಇರಾನ್, ಅಫ್ಘಾನಿಸ್ತಾನ ದಾಟಿ ಬರುತ್ತವೆ. ಹವಾಮಾನ ಇಲಾಖೆಯವರು ಇದಕ್ಕೆ 'ಪಶ್ಚಿಮದ ಪ್ರಕ್ಷುಬ್ಧತೆ' ಎನ್ನುತ್ತಾರೆ. ಅದು ಬಂದಾಗ ಮೋಡ ಕವಿಯುತ್ತದೆ, ಹಗಲು ಕೊರೆಯುತ್ತದೆ. ಆದರೆ ಮೋಡ ನೆಲಕ್ಕೆ ಹೊದಿಸಿದ ಕಂಬಳಿಯಾಗಿ ಕಾವನ್ನು ಹಿಡಿದಿಡುವುದರಿಂದ ರಾತ್ರಿಯ ಉಷ್ಣತೆ ತೀರಾ ಇಳಿಯುವುದಿಲ್ಲ. ಅದು ಮುಂದೆ ಸಾಗಿ ಆಕಾಶ ತಿಳಿಯಾದರೆ ಲೆಕ್ಕ ತಿರುಗುತ್ತದೆ. ಹಗಲಿಗೆ ಬಿಸಿಲೇನೋ ಬರುತ್ತದೆ, ಆದರೆ ಹೊಸ ಹಿಮ ಅದರ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ರಾತ್ರಿ ನೆಲದ ಕಾವೆಲ್ಲ ಬಾನಿಗೆ ಹಾರಿಹೋಗುತ್ತದೆ. 2021ರಲ್ಲಿ ಹೀಗೇ ಆಯಿತು. ಜನವರಿ ಮೊದಲ ವಾರ ಭಾರಿ ಹಿಮ ಸುರಿದು ವಿಮಾನಗಳೂ ನಿಂತವು. ಅದು ತೆರವಾದ ಮೇಲೆ, 14ರಂದು ಶ್ರೀನಗರದ ಉಷ್ಣತೆ ಮೈನಸ್ 8.4 ಡಿಗ್ರಿಗೆ ಕುಸಿಯಿತು. 31ರಂದು ಮೈನಸ್ 8.8ಕ್ಕೆ. ಆದ್ದರಿಂದ ಮುನ್ಸೂಚನೆ ನೋಡುವಾಗ ಗರಿಷ್ಠ ಉಷ್ಣತೆ ಏರಿತೆಂದು ಹಿಗ್ಗಬೇಡ. ಕನಿಷ್ಠ ಎಷ್ಟೆಂದು ನೋಡು.

ನೀನು ಕೆಲಸಕ್ಕೆ ಹೊರಡುವ ಹೊತ್ತೇ ಅಪಾಯದ್ದು. ಹಗಲು ಕರಗಿದ ನೀರು ರಾತ್ರಿ ರಸ್ತೆಯ ಮೇಲೆ ತೆಳುವಾಗಿ ಹೆಪ್ಪುಗಟ್ಟಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಹೆಜ್ಜೆ ಇಡು. ಕೈಗಳು ಜೇಬಿನಿಂದ ಹೊರಗಿರಲಿ. ಅಲ್ಲಿನ ತಗಡಿನ ಇಳಿಜಾರು ಮಾಡುಗಳ ಕೆಳಗೆ ನಡೆಯಬೇಡ. ಬಿಸಿಲು ತಾಗಿದೊಡನೆ ಮೇಲಿನ ಹಿಮ ರಾಶಿಯಾಗಿ ಜಾರಿ ಬೀಳುತ್ತದೆ. ದಾಲ್ ಸರೋವರದ ಅಂಚು ಗಟ್ಟಿಯಾಗಿ ಕಂಡರೂ ಅದರ ಮೇಲೆ ಕಾಲಿಡಬೇಡ. ರಾತ್ರಿ ನಲ್ಲಿಯನ್ನು ಹನಿಯಲು ಬಿಟ್ಟು ಮಲಗು, ಕೊಳವೆ ಒಡೆಯದಿರಲಿ. ಕೆಂಡದ ಮಡಕೆ ಕಾಂಗ್ಡಿಯಾಗಲಿ, ಗ್ಯಾಸ್ ಹೀಟರ್ ಆಗಲಿ, ಹೊತ್ತಿಸಿಟ್ಟು ಮಲಗುವುದು ಮಾತ್ರ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ, ಮಲಗಿದವರು ಮೇಲೇಳದೆ ಹೋದ ಸುದ್ದಿ ಆ ಊರಲ್ಲಿ ಪ್ರತಿ ಚಳಿಗಾಲ ಬರುತ್ತದೆ.

ಗುಲ್ಮಾರ್ಗಿಗೆ ಹೋಗುವ ಮಾತಾಡಿದೆ. ಹೋಗು, ನೋಡಲೇಬೇಕಾದ ಜಾಗ ಅದು. ಆದರೆ ಭಾರಿ ಹಿಮ ಬಿದ್ದ ಮೊದಲ ಎರಡು ದಿನ ಬೆಟ್ಟದ ಇಳಿಜಾರಿನತ್ತ ಸುಳಿಯಬೇಡ. ಹಳೆಯ ಗಟ್ಟಿ ಪದರದ ಮೇಲೆ ಹೊಸ ಹಿಮ ಇನ್ನೂ ಕೂಡಿಕೊಂಡಿರುವುದಿಲ್ಲ. ಬಿಸಿಲಿಗೆ ಸಡಿಲಗೊಂಡು ಇಡೀ ಇಳಿಜಾರೇ ಕೆಳಗೆ ಬರುತ್ತದೆ. 2023ರ ಫೆಬ್ರುವರಿ 1ರಂದು ಅಲ್ಲಿನ ಅಫರ್ವತ್ ಬೆಟ್ಟದಲ್ಲಿ ಪೋಲೆಂಡಿನ ಇಬ್ಬರು ಸ್ಕೀ ಆಟಗಾರರು ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ನಮ್ಮ ಜಿಲ್ಲೆಗೆ ಹಿಮದ ದುಃಖ ಹೊಸದಲ್ಲ. 2016ರಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಬದುಕುಳಿದು, ದಿಲ್ಲಿಯ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಕುಂದಗೋಳ ತಾಲೂಕಿನ ಬೆಟದೂರಿನವರು. ಅವರು ಕರ್ತವ್ಯಕ್ಕಾಗಿ ಅಲ್ಲಿದ್ದರು. ನೀನು ಮೋಜಿಗಾಗಿ ಎಚ್ಚರಿಕೆ ಮೀರಬಾರದು.

ಇಷ್ಟೆಲ್ಲ ಬರೆದೆನೆಂದು ಹಿಮವನ್ನು ಹಳಿಯಬೇಡ. 2024ರ ಜನವರಿಯಲ್ಲಿ ಗುಲ್ಮಾರ್ಗ್ ತಿಂಗಳ ಬಹುಪಾಲು ಬೋಳಾಗಿತ್ತು; ಹೋಟೆಲಿನವರೂ ರೈತರೂ ಒಟ್ಟಿಗೇ ಕಂಗಾಲಾದರು. ಅಲ್ಲಿನ ಹೊಳೆ, ಸೇಬಿನ ತೋಟ, ಭತ್ತದ ಗದ್ದೆಗಳಿಗೆಲ್ಲ ಬೇಸಿಗೆಯ ನೀರು ಈ ಹಿಮವೇ.

ಡಿಸೆಂಬರ್ 21ರಿಂದ 40 ದಿನದ ಕಡುಚಳಿ 'ಚಿಲ್ಲೈ ಕಲಾನ್' ಜನವರಿ 30ಕ್ಕೆ ಮುಗಿಯುತ್ತದೆ. ಆಮೇಲೆ 20 ದಿನ 'ಚಿಲ್ಲೈ ಖುರ್ದ್', ಕಡೆಗೆ 10 ದಿನ 'ಚಿಲ್ಲೈ ಬಚ್ಚಾ'. ಚಳಿ ಹೀಗೆ ಮೆಟ್ಟಿಲಿಳಿದೇ ಹೋಗುವುದು, ಒಂದೇ ಸಲಕ್ಕಲ್ಲ. ಹಾಗಾಗಿ ಮಾರ್ಚ್ ತನಕ ಅಲ್ಲಿನ ಉಣ್ಣೆಯ ನಿಲುವಂಗಿ ಫಿರನ್ ಕಳಚಬೇಡ. ದಿನಾ ಬೆಳಗ್ಗೆ ಹವಾಮಾನ ಕೇಂದ್ರದ ಮುನ್ಸೂಚನೆ ಓದು, ಮನೆ ಮಾಲೀಕರ ಅಮ್ಮ ಹೇಳಿದ್ದನ್ನೂ ಕೇಳು. ಎರಡರಲ್ಲಿ ಒಂದು ಬೇಡವೆಂದರೂ ಆ ದಿನ ದೂರದ ದಾರಿ ಹಿಡಿಯಬೇಡ.

ನಿನ್ನ ಪ್ರೀತಿಯ,
ಅಜ್ಜ