ಬಲ ಮಂಡಿ ನೋವಿಗೆ ಕೋಲು ಯಾವ ಕೈಗೆ?

ಪ್ರಶ್ನೆ: ನಾವು ಇಂಡಿ ಕಡೆಯವರು, ಕೆಲಸದ ಮೇಲೆ ಬಾರಾಮತಿಯಲ್ಲಿದ್ದೇವೆ. 74 ವರ್ಷದ ನಮ್ಮವ್ವನಿಗೆ ಬಲ ಮಂಡಿ ನೋವು. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದಳು. ಪುಣ್ಯಕ್ಕೆ ಏನೂ ಮುರಿಯಲಿಲ್ಲ. ಮನೆಯೊಳಗೆ ಬಲಗೈಯಲ್ಲಿ ಕೋಲು ಹಿಡಿಯುತ್ತಾಳೆ, ಹೊರಗೆ ನಾಚಿಕೆಯಿಂದ ಬಿಟ್ಟು ಹೋಗುತ್ತಾಳೆ. ವಾಕರ್ ಕೊಡಿಸಬೇಕೆ?

ಉತ್ತರ: ಮೊದಲು ಕೋಲನ್ನು ಎಡಗೈಗೆ ಕೊಡಿ. ನೋವಿದ್ದ ಕಡೆಗೇ ಆಸರೆ ಬೇಕೆಂದು ಯಾರಿಗಾದರೂ ಅನಿಸುತ್ತದೆ. ಆದರೆ ನಡೆಯುವಾಗ ಬಲಗಾಲಿನ ಜೊತೆ ಮುಂದೆ ಬರುವುದು ಎಡಗೈ. ಕೋಲು ಆ ಕೈಯಲ್ಲಿದ್ದರೆ, ಬಲಗಾಲು ಊರುವಾಗಲೇ ಅದೂ ನೆಲಕ್ಕೆ ತಾಗಿ ಭಾರ ಹಂಚಿಕೊಳ್ಳುತ್ತದೆ. ಬಲಗೈಯಲ್ಲಿದ್ದರೆ ಮೈ ನೋಯುವ ಕಾಲಿನತ್ತಲೇ ವಾಲುತ್ತದೆ. ಮೆಟ್ಟಿಲು ಹತ್ತುವಾಗ ಎಡಗಾಲು ಮುಂದು. ಇಳಿಯುವಾಗ ಕೋಲು, ಬಲಗಾಲು ಮುಂದು.

ಎತ್ತರ ಅಳೆಯಲು ಅವರು ದಿನಾ ಹಾಕುವ ಚಪ್ಪಲಿಯಲ್ಲೇ ನೆಟ್ಟಗೆ ನಿಲ್ಲಿಸಿ. ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ತುದಿಯ ರಬ್ಬರ್ ಬುಷ್ ಸವೆದಿದ್ದರೆ ಇವತ್ತೇ ಬದಲಿಸಿ.

ವಾಕರ್ ಬೇಕಾಗುವುದು ಎರಡೂ ಕಾಲು ಸೋತಾಗ, ಇಲ್ಲವೇ ಕೋಲಿದ್ದರೂ ಗೋಡೆ ಹಿಡಿದು ನಡೆಯುವ ಸ್ಥಿತಿ ಬಂದಾಗ. ಕೊಳ್ಳುವ ಮುಂಚೆ ಬಚ್ಚಲ ಬಾಗಿಲಿನ ಅಗಲ ಅಳೆಯಿರಿ. ಹೊಸ್ತಿಲಾಚೆಯೇ ನಿಂತುಬಿಡುವ ವಾಕರ್ ಬಟ್ಟೆ ಒಣಹಾಕಲು ಮಾತ್ರ ಬರುತ್ತದೆ.

ಬಚ್ಚಲಿಗೆ ನುಣುಪಾದ ಶಹಾಬಾದ್ ಫರಸಿ ಹಾಕಿದ್ದರೆ ಹುಷಾರು. ನಮ್ಮ ಕಲಬುರಗಿ ಜಿಲ್ಲೆಯ ಕಲ್ಲೇ ಆದರೂ ಸಾಬೂನು ನೀರು ಬಿದ್ದಮೇಲೆ ಅದು ನೆಂಟಸ್ತಿಕೆ ನೋಡುವುದಿಲ್ಲ. ಜಾರದ ಮ್ಯಾಟ್ ಹಾಸಿ, ಸ್ನಾನಕ್ಕೆ ಗಟ್ಟಿ ಸ್ಟೂಲ್ ಇಡಿ, ಗೋಡೆಗೆ ಸ್ಕ್ರೂ ಹಾಕಿ ಹಿಡಿಕೆ ಕೂರಿಸಿ. ಟವೆಲ್ ಹಾಕುವ ಸರಳು ಮನುಷ್ಯರ ಭಾರಕ್ಕೆ ಕಿತ್ತುಬರುತ್ತದೆ. ರಾತ್ರಿ ಎದ್ದವರು ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಲಿ. ಒಮ್ಮೆಲೇ ನಿಂತರೆ ರಕ್ತದೊತ್ತಡ ಕುಸಿದು ತಲೆ ತಿರುಗಬಹುದು. ಬಿಪಿ ಅಥವಾ ನಿದ್ದೆಯ ಮಾತ್ರೆ ನುಂಗುತ್ತಿದ್ದರೆ, ಬಿದ್ದ ಸಂಗತಿಯನ್ನು ಡಾಕ್ಟರಿಗೆ ಹೇಳಲೇಬೇಕು.

ದುಡ್ಡಿನ ವಿಚಾರ: ಮಹಾರಾಷ್ಟ್ರ ಸರಕಾರ 2024ರಲ್ಲಿ ತಂದ ಮುಖ್ಯಮಂತ್ರಿ ವಯೋಶ್ರೀ ಯೋಜನೆಯಲ್ಲಿ, ಕುಟುಂಬದ ವರ್ಷದ ಆದಾಯ 2 ಲಕ್ಷದೊಳಗಿರುವ, 65 ದಾಟಿದ ರಾಜ್ಯದ ನಿವಾಸಿಗಳಿಗೆ ಇಂಥ ಸಾಧನಗಳಿಗೆಂದು ಒಮ್ಮೆ 3,000 ರೂಪಾಯಿ ಖಾತೆಗೆ ಬರುವ ಏರ್ಪಾಡಿದೆ. ವಿಚಾರಿಸಿ ನೋಡಿ.

ಇನ್ನು ನಾಚಿಕೆ. ಆಷಾಢಿ ವಾರಿಗೆ ತುಕಾರಾಮರ ಪಾಲಖಿ ಬಾರಾಮತಿಗೆ ಬಂದಾಗ ಅವ್ವನನ್ನು ರಸ್ತೆ ಬದಿ ಕೂರಿಸಿ. ಪಂಢರಪುರದವರೆಗೆ ನಡೆಯುವ ಅಜ್ಜ ಅಜ್ಜಿಯರಲ್ಲಿ ಎಷ್ಟು ಜನ ಕೋಲು ಹಿಡಿದಿದ್ದಾರೆ, ಯಾವ ಕೈಯಲ್ಲಿ ಹಿಡಿದಿದ್ದಾರೆ, ಅವರೇ ಎಣಿಸಲಿ.