ಧ್ರುವದ ಹಾದಿಯಲ್ಲಿ ಬೆಂಗಳೂರಿಗೆ

2021ನೆಯ ಇಸವಿ ಜನವರಿ 11ರ ಬೆಳಗಿನ ಜಾವ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲಿಯೂ ತಂಗದೆ ಹಾರಿಬಂದ ಏರ್ ಇಂಡಿಯಾ ವಿಮಾನವು ಯಲಹಂಕದ ಆಚೆಗಿರುವ ದೇವನಹಳ್ಳಿಯ ನಿಲ್ದಾಣದಲ್ಲಿ ಇಳಿಯಿತು. ಅದನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಸಂಗಡಿಗ ಮಹಿಳೆಯರು. ಅವರು ಹಿಡಿದುದು ಉತ್ತರ ಧ್ರುವಪ್ರದೇಶದ ಹಾದಿ. ದಕ್ಷಿಣದಲ್ಲಿರುವ ಬೆಂಗಳೂರನ್ನು ಸೇರಲು ಉತ್ತರಕ್ಕೆ ಹೊರಟುದೇಕೆ?

ಗೋಡೆಯ ಮೇಲಣ ಭೂಪಟವು ಇಲ್ಲಿ ನಮ್ಮನ್ನು ದಾರಿತಪ್ಪಿಸುತ್ತದೆ. ದುಂಡಗಿನ ಭೂಮಿಯನ್ನು ಚಪ್ಪಟೆಯಾಗಿ ಹರಡಿದಾಗ ಧ್ರುವಪ್ರದೇಶವು ವಿಪರೀತ ಹಿಗ್ಗುತ್ತದೆ. ಆದುದರಿಂದ ಭೂಗೋಳದ ಮೇಲೆಯೇ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆಯೋಣ. ಅವುಗಳ ರೇಖಾಂಶಗಳಲ್ಲಿ ಸುಮಾರು 160 ಡಿಗ್ರಿ ಅಂತರವಿದೆ. ಎಂದರೆ ಅವು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಪಾರ್ಶ್ವಗಳಲ್ಲಿವೆ. ದಾರವು ತಾನಾಗಿಯೇ ಧ್ರುವದತ್ತ ಸರಿಯುವುದನ್ನು ಕಾಣುವೆವು.

ಲೆಕ್ಕವೂ ಸುಲಭ. ಸ್ಯಾನ್ ಫ್ರಾನ್ಸಿಸ್ಕೋದ ಅಕ್ಷಾಂಶ ಸುಮಾರು 38, ಬೆಂಗಳೂರಿನದು 13. ಮೊದಲ ಊರಿನಿಂದ ಧ್ರುವಕ್ಕೆ 52 ಡಿಗ್ರಿ, ಧ್ರುವದಿಂದ ನಮ್ಮೂರಿಗೆ 77, ಒಟ್ಟು 129. ಡಿಗ್ರಿಯೊಂದಕ್ಕೆ 111 ಕಿ.ಮೀ.ನಂತೆ ಸುಮಾರು 14,300 ಕಿ.ಮೀ. ಆಯಿತು. ದಾರ ತೋರುವ ಕನಿಷ್ಠ ದೂರವಾದರೋ ಸುಮಾರು 14,000. ಭೂಪಟದಲ್ಲಿ ಗೆರೆಯೆಳೆದು, ಒಂದೇ ದಿಕ್ಕು ಹಿಡಿದು ಪೆಸಿಫಿಕ್ ಸಾಗರವನ್ನು ದಾಟಿದರೆ 16,000ಕ್ಕೂ ಮಿಗಿಲು!

ಗಂಟೆಗೆ 900 ಕಿ.ಮೀ. ವೇಗದಲ್ಲಿ 14,000 ಕಿ.ಮೀ.ಗೆ ಹದಿನೈದೂವರೆ ಗಂಟೆ ಸಾಕು. ಆದರೆ ಏರುವಾಗ, ಇಳಿಯುವಾಗ ವೇಗ ಕಡಿಮೆ. ಗಾಳಿಗೆ ತಕ್ಕಂತೆ ಹಾದಿಯೂ ಬಾಗಬೇಕು. ಅಂದು ಹಿಡಿದುದು ಸುಮಾರು 17 ಗಂಟೆ. ಅಲ್ಲಿ ಶನಿವಾರ ರಾತ್ರಿ ಹೊರಟವರು ಇಲ್ಲಿ ಸೋಮವಾರ ಇಳಿದರು. ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿದ್ದುದೇ ಇದಕ್ಕೆ ಕಾರಣ.

ಭೂಗೋಳದಲ್ಲಿ ಸಮಭಾಜಕವೃತ್ತದಿಂದ ಧ್ರುವಕ್ಕೆ 10,000 ಕಿ.ಮೀ. ಇದನ್ನೇ ಅಳತೆಗೋಲಾಗಿಟ್ಟುಕೊಂಡು ಬೆಂಗಳೂರಿನಿಂದ ಲಂಡನ್ನಿಗಿರುವ ದೂರವನ್ನು ವಿದ್ಯಾರ್ಥಿಗಳು ದಾರದಿಂದ ಅಳೆದು ನೋಡಲಿ.