ಕಡಲಿನ ತಾಪವೂ ಕರಾವಳಿಯ ಬದುಕೂ

ಕಡಲು ಮೀನುಗಾರರ ಪಾಲಿಗೆ ಬಿತ್ತದೆಯೇ ಬೆಳೆಯುವ ಹೊಲ. ಆ ಹೊಲಕ್ಕೆ ಗೊಬ್ಬರ ಒದಗಿಸುವುದು ಮುಂಗಾರು. ಮುಂಗಾರಿನ ಗಾಳಿಯು ಮೇಲ್ನೀರನ್ನು ದಡದಿಂದ ದೂರ ಸರಿಸಿದಾಗ ಆಳದ ತಣ್ಣೀರು ಪೋಷಕ ಲವಣಗಳೊಡನೆ ಮೇಲೇರುತ್ತದೆ. ಅದರಿಂದ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ. ಅವನ್ನುಂಡು ಬೂತಾಯಿ ಮೀನಿನ ಸಂತತಿ ವೃದ್ಧಿಸುತ್ತದೆ.

ಭೂಮಿಯ ತಾಪ ಏರಿದಂತೆ ಅರಬ್ಬೀ ಸಮುದ್ರವೂ ಬೆಚ್ಚಗಾಗುತ್ತಿದೆ. ಬಿಸಿಯಾದ ಮೇಲ್ಪದರ ಹಗುರವಾಗಿ ಮುಚ್ಚಳದಂತೆ ನಿಂತಾಗ ಆಳದ ಪೋಷಣೆ ಮೇಲೆ ಬರುವುದು ಕಷ್ಟ. ಕೇರಳದ ತೀರದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದೊರೆತಿತ್ತು. 2021ರಲ್ಲಿ ದೊರೆತುದು ಸುಮಾರು 3,300 ಟನ್ ಮಾತ್ರ. ಆ ಬಳಿಕ ಇಳುವರಿ ಕೆಲಮಟ್ಟಿಗೆ ಚೇತರಿಸಿಕೊಂಡಿತು. ಇಂತಹ ಏರಿಳಿತಕ್ಕೆ ಕಡಲಿನ ತಾಪದೊಡನೆ ಮಿತಿಮೀರಿದ ಬೇಟೆಯೂ ಕಾರಣವೆಂಬುದು ವಿಜ್ಞಾನಿಗಳ ಮತ.

ನಮ್ಮ ಕರಾವಳಿಯೂ ಇದೇ ಕಡಲಿನದು. ನಷ್ಟವು ದೋಣಿಯಲ್ಲಿಯೇ ನಿಲ್ಲುವುದಿಲ್ಲ. ಮಲ್ಪೆ, ಮಂಗಳೂರುಗಳಂಥ ಬಂದರುಗಳಲ್ಲಿ ಬಲೆ ಹೆಣೆಯುವವರು, ಮಂಜುಗಡ್ಡೆ ಒಡೆಯುವವರು, ಬುಟ್ಟಿ ಹೊತ್ತು ಮಾರುವ ಮಹಿಳೆಯರು, ಎಲ್ಲರ ಅನ್ನವೂ ಕಡಲನ್ನೇ ನೆಚ್ಚಿದೆ. 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರು ಏರಿದೆ. ಒಂದೆಡೆ ಮೀನು ವಿರಳವಾದರೆ ಇನ್ನೊಂದೆಡೆ ಅಲೆ ಮನೆಯಂಗಳಕ್ಕೆ ಸಮೀಪಿಸುತ್ತಿದೆ.

ಒಳನಾಡಿನ ಹೊಗೆಯೂ ಕಡಲನ್ನು ಕಾಯಿಸುತ್ತದೆ. ಆದುದರಿಂದ ಇದು ಕರಾವಳಿಯವರ ಪಾಠ ಮಾತ್ರವಲ್ಲ. ಬಯಲುಸೀಮೆಯ ತರಗತಿಗಳಲ್ಲಿಯೂ ಕಲಿಸಬೇಕಾದುದು.